ಓಟಕ್ಕೆ ಶೂ ಮೊದಲೋ, ಸಂಗಡಿಗರು ಮೊದಲೋ?

ಐವತ್ತು ದಾಟಿದ ಗೃಹಸ್ಥರೊಬ್ಬರಿಗೆ ವೈದ್ಯರು "ಇನ್ನು ಮುಂದೆ ದಿನವೂ ನಡೆಯಿರಿ, ಸಾಧ್ಯವಾದರೆ ಮೆಲ್ಲಗೆ ಓಡಿರಿ" ಎಂದು ಸಲಹೆ ಕೊಟ್ಟರೆ, ಅವರು ಮೈದಾನದ ಹಾದಿ ಹಿಡಿಯುವುದಕ್ಕೆ ಮೊದಲು ಅಂಗಡಿಯ ಮೆಟ್ಟಿಲನ್ನು ಏರುತ್ತಾರೆ. ಅಲ್ಲಿ ಅವರನ್ನು ಯಂತ್ರದ ಪಟ್ಟಿಯ ಮೇಲೆ ಓಡಿಸಿ, ಪಾದದ ಚಿತ್ರ ತೆಗೆದು, "ನಿಮ್ಮ ಪಾದ ಒಳಕ್ಕೆ ವಾಲುತ್ತದೆ, ಇಂಥದೇ ಶೂ ಬೇಕು" ಎಂದು ಹೇಳಲಾಗುತ್ತದೆ. ಬೆಲೆ ಕೇಳಿದವರಲ್ಲಿ ಕೆಲವರು ಓಟದ ಆಸೆಯನ್ನೇ ಬಿಟ್ಟು ಮನೆಗೆ ಮರಳುತ್ತಾರೆ. ಉಳಿದವರು ಕೊಳ್ಳುತ್ತಾರೆ, ಕೊಂಡ ಶೂವನ್ನು ನಂಬಿ ಮೊದಲ ವಾರದಲ್ಲೇ ದೇಹ ತಾಳಲಾರದಷ್ಟು ಓಡಿ, ಮಂಡಿ ಹಿಡಿದುಕೊಂಡು ಕೂರುತ್ತಾರೆ. ಈ ಎರಡೂ ಹಾನಿಗಳಿಗೆ ಮೂಲ ಒಂದೇ. ಓಟವು ಕೊಳ್ಳುವ ವಸ್ತುವಿನಿಂದ ಆರಂಭವಾಗುತ್ತದೆ ಎಂಬ ಭ್ರಮೆಯೇ ಅದು.

ಇತಿಹಾಸವು ಇದಕ್ಕೆ ತೀರ ವಿರುದ್ಧವಾದ ಸಾಕ್ಷ್ಯ ನುಡಿಯುತ್ತದೆ. ಸಾಮಾನ್ಯ ಜನರು ಆರೋಗ್ಯಕ್ಕಾಗಿ ಗುಂಪುಗೂಡಿ ಮೆಲ್ಲಗೆ ಓಡುವ ಪದ್ಧತಿ ರೂಪುಗೊಂಡ ಸ್ಥಳಗಳಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರ ಮುಖ್ಯವಾದುದು. ಅಲ್ಲಿ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರಿದ್ದರು. ಅವರು ಜೀವನೋಪಾಯಕ್ಕಾಗಿ ಶೂ ಕಾರ್ಖಾನೆಯಲ್ಲಿ ದುಡಿದವರು ಎಂಬುದು ಸ್ವಾರಸ್ಯದ ಸಂಗತಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ ಒಂದೇ ದಿನ ಚಿನ್ನದ ಪದಕ ಗೆದ್ದರು. ಇಷ್ಟು ಕೀರ್ತಿ ಬಂದ ಮೇಲೆ ಲಿಡಿಯಾರ್ಡ್ ಹೃದ್ರೋಗದಿಂದ ಚೇತರಿಸಿಕೊಂಡವರನ್ನೂ ಸ್ಥೂಲಕಾಯದ ಗೃಹಸ್ಥರನ್ನೂ ಓಡಿಸಲು ಮುಂದಾದರು. ಪಕ್ಕದವರೊಡನೆ ಮಾತನಾಡುತ್ತಾ ಓಡಬಲ್ಲಷ್ಟೇ ವೇಗ ಸಾಕು ಎಂಬುದು ಅವರ ನಿಯಮ. 1962ರ ಕೊನೆಗೆ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬಾವರ್‌ಮನ್ ಅಲ್ಲಿಗೆ ಬಂದರು. ಇತರರನ್ನು ಓಡಿಸಿ ಹೆಸರಾದ, ಐವತ್ತೊಂದು ವರ್ಷದ ಈ ಗುರುವಿಗೆ ಆ ಗುಂಪಿನ ಸಮಕ್ಕೆ ಓಡಲಾಗದೆ ಏದುಸಿರು ಹತ್ತಿತು. ಹೃದಯಾಘಾತ ಅನುಭವಿಸಿದ್ದ, ಎಪ್ಪತ್ತು ದಾಟಿದ ಹಿರಿಯರೊಬ್ಬರು ತಾವೂ ಹಿಂದುಳಿದು ಅವರಿಗೆ ಜೊತೆಯಾದರು. ಬಾವರ್‌ಮನ್ ಸ್ವದೇಶಕ್ಕೆ ಮರಳಿ ತಮ್ಮ ಊರಿನಲ್ಲಿ ಇಂಥದೇ ಓಟವನ್ನು ಆರಂಭಿಸಿದರು; 1967ರಲ್ಲಿ ಹೃದ್ರೋಗ ತಜ್ಞರೊಬ್ಬರೊಡಗೂಡಿ ಅದರ ಮೇಲೆ ಪುಸ್ತಕವನ್ನೂ ಬರೆದರು. ಇವರೇ 1964ರಲ್ಲಿ ಫಿಲ್ ನೈಟ್ ಜೊತೆ ಸೇರಿ ಕಟ್ಟಿದ ಶೂ ವ್ಯಾಪಾರವು ಮುಂದೆ ನೈಕಿ ಎಂದು ಹೆಸರಾಯಿತು. ನಮ್ಮ ದೋಸೆ ಕಾವಲಿಗೆ ಹತ್ತಿರದ ನೆಂಟನಾದ ವಾಫಲ್ ಅಚ್ಚಿನಿಂದ ಇವರು ಅಟ್ಟೆಯ ವಿನ್ಯಾಸ ಕಂಡುಕೊಂಡ ಕಥೆಯನ್ನು ಶೂ ಪ್ರಿಯರೆಲ್ಲ ಹೇಳುತ್ತಾರೆ. ಹಿಂದುಳಿದವನಿಗಾಗಿ ನಿಂತ ಆ ವೃದ್ಧರ ಕಥೆಯನ್ನು ಹೇಳುವವರು ಕಡಿಮೆ.

ಹಾಗಾದರೆ ಶೂವೇ ಬೇಡವೇ? ಅದೇ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದರು. ಬರಿಗಾಲಿನ ಓಟಕ್ಕೆ ಪ್ರಸಿದ್ಧರಾದ ನಮ್ಮ ಶಿವನಾಥ ಸಿಂಗ್ 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳ ದಾಖಲೆ ಬರೆದರು. ಅದು ನಾಲ್ಕು ದಶಕಗಳಿಗೂ ಮೀರಿ ಯಾರೂ ಮುರಿಯದೆ ಉಳಿಯಿತು. ಮುನಿಗಳ ವಿಹಾರವಂತೂ ಜೀವನಪರ್ಯಂತ ಬರಿಗಾಲಿನಲ್ಲೇ. ಆದರೆ ನಲವತ್ತು ವರ್ಷ ಮೆತ್ತನೆಯ ಪಾದರಕ್ಷೆಗೆ ಒಗ್ಗಿಹೋದ ಪಾದವನ್ನು ಒಂದು ಬೆಳಗ್ಗೆ ಡಾಂಬರಿನ ಮೇಲೆ ಬರಿದಾಗಿ ಓಡಿಸುವುದು ಅವಿವೇಕ. ಇದನ್ನು ತಿಳಿದೇ, ಪಾದದ ಬೆರಳುಗಳಿಗೆ ಕೈಚೀಲದಂತೆ ತೊಡಿಸುವ ಪಾದರಕ್ಷೆಯೊಂದನ್ನು ಬರಿಗಾಲಿನ ಗುಣಗಳೆಲ್ಲ ಬರುತ್ತವೆಂದು ಸಾರಿ ಮಾರಲಾಯಿತು. ಆರೋಗ್ಯದ ಕುರಿತ ಆ ಹೇಳಿಕೆಗಳು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, 2014ರಲ್ಲಿ ತಯಾರಕರಾದ ವೈಬ್ರಂ ಸಂಸ್ಥೆಯವರು ತಪ್ಪೊಪ್ಪದೆಯೇ 37.5 ಲಕ್ಷ ಡಾಲರ್ ತೆತ್ತು ರಾಜಿಯಾದರು. ಏನೂ ತೊಡದಿರುವುದನ್ನೂ ಬೆಲೆ ಕಟ್ಟಿ ಮಾರುವ ಜಾಣ್ಮೆ ವ್ಯಾಪಾರಕ್ಕೆ ಉಂಟು!

ಇನ್ನು, ಪಾದದ ಆಕಾರಕ್ಕೆ ತಕ್ಕ ಶೂ ಎಂಬ ಶಾಸ್ತ್ರವನ್ನು ನೋಡೋಣ. ಅಮೆರಿಕದ ಭೂಸೇನೆಯ ತರಬೇತಿ ಶಿಬಿರದಲ್ಲಿ ಇದನ್ನು ಒರೆಗೆ ಹಚ್ಚಲಾಯಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದು ತಂಡಕ್ಕೆ ಅಂಗಾಲಿನ ಕಮಾನು ಪರೀಕ್ಷಿಸಿ ಶೂ ಹಂಚಿದರು. ಇನ್ನೊಂದು ತಂಡಕ್ಕೆ ಪಾದ ಹೇಗೇ ಇರಲಿ, ಒಂದೇ ಬಗೆಯ ಶೂ ಕೊಟ್ಟರು. ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭಿನ್ನ ಫಲ ಕಂಡ ಅಧ್ಯಯನಗಳೂ ಇವೆ, ನಿಜ. ಆದರೆ ಎಲ್ಲವನ್ನೂ ತೂಗಿ ನೋಡಿದ 2022ರ ಕಾಕ್ರೇನ್ ಸಮೀಕ್ಷೆಯು ಇಂಥ ಶೂ ಗಾಯ ತಡೆಯುತ್ತದೆಂದು ಖಚಿತವಾಗಿ ಹೇಳುವ ಆಧಾರವಿಲ್ಲವೆಂದಿತು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ವಿಚಾರ ಸರಳವಾದುದು: ತೊಟ್ಟಾಗ ಯಾವುದು ಹಿತವೆನಿಸುವುದೋ ಅದನ್ನೇ ಆರಿಸಿಕೊಳ್ಳಬೇಕು. ಅಜ್ಜಿಯಂದಿರು ಹೇಳುತ್ತಿದ್ದುದೂ ಇದನ್ನೇ.

ಕಾರ್ಬನ್ ತಗಡು ಅಡಗಿಸಿದ ದಪ್ಪ ಅಟ್ಟೆಯ ಶೂಗಳ ಸಂಗತಿ ಇದಕ್ಕಿಂತ ವಿಚಿತ್ರ. 2017ರಲ್ಲಿ ಶೇಕಡಾ 4ರಷ್ಟು ಶಕ್ತಿ ಉಳಿಸುವುದೆಂದು ಪ್ರಚಾರ ಪಡೆದ ಶೂವನ್ನು ಪರೀಕ್ಷಿಸಿದ್ದು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ ಓಡುವ ಪಳಗಿದವರ ಮೇಲೆ. ಗಂಟೆಗೆ 7 ಕಿ.ಮೀ. ಹೋಗುವ ಗೃಹಸ್ಥರಿಗೆ ಆ ಅಂಕಿಯನ್ನು ತೋರಿಸುವುದು, ರೇಷ್ಮೆಯ ದರವನ್ನು ಗೋಣಿತಟ್ಟಿಗೆ ಹಚ್ಚಿದಂತೆ. 2023ರಲ್ಲಿ ಅಡಿಡಾಸ್ ಸಂಸ್ಥೆಯು 138 ಗ್ರಾಂ ತೂಕದ ಶೂವೊಂದನ್ನು 500 ಡಾಲರಿಗೆ ಮಾರುಕಟ್ಟೆಗೆ ತಂದು, ಇದು ಒಂದು ಮ್ಯಾರಥಾನಿಗೆ, ಜೊತೆಗೆ ಪಾದಕ್ಕೆ ಒಗ್ಗಿಸಿಕೊಳ್ಳುವಷ್ಟು ಓಟಕ್ಕೆ ಎಂದು ತಾನೇ ಸಾರಿತು. 42 ಕಿ.ಮೀ.ಗೆ 500 ಡಾಲರ್ ಎಂದರೆ ಕಿಲೋಮೀಟರಿಗೆ ಸುಮಾರು 12 ಡಾಲರ್. ಸವಕಳಿಯ ಲೆಕ್ಕ ಬರೆದು ಬಲ್ಲ ಯಾವ ವರ್ತಕನೂ ತನ್ನ ಅಂಗಡಿಗೆ ಇಂಥ ಆಸ್ತಿಯನ್ನು ಕೊಳ್ಳಲಾರ. ಸಾಧಾರಣ ಶೂವಿಗೆ 500ರಿಂದ 800 ಕಿ.ಮೀ. ಆಯುಷ್ಯವೆಂದು ಹೇಳುವುದುಂಟು, ವಾರಕ್ಕೆ 20 ಕಿ.ಮೀ. ಓಡುವವರಿಗೆ ಅದು ಆರರಿಂದ ಒಂಬತ್ತು ತಿಂಗಳು ಬರುತ್ತದೆ.

"ಇವುಗಳಲ್ಲಿ ಚರ್ಮವಿಲ್ಲ, ಆದ್ದರಿಂದ ದೋಷವಿಲ್ಲ" ಎಂದು ಸಮಾಧಾನ ಪಡುವವರು ನಮ್ಮಲ್ಲಿ ಅನೇಕರು. ಇಂದಿನ ಓಟದ ಶೂಗಳಲ್ಲಿ ಹೆಚ್ಚಿನವು ನೂಲು ಬಲೆ ಮತ್ತು ಫೋಮಿನಿಂದ ಆದವು ಎಂಬುದು ಸತ್ಯ. ಕೆಲವಕ್ಕೆ ಈಗಲೂ ಚರ್ಮದ ತುಂಡು ಹೊಲಿದಿರುತ್ತದೆ. ಅಂಟು ಯಾವುದರಿಂದ ಆದುದೆಂದು ಕೇಳಿ ತಿಳಿಯುವುದು ಕೊಳ್ಳುವವರ ಕರ್ತವ್ಯ. ಆದರೆ ಚರ್ಮವಿಲ್ಲವೆಂಬ ಒಂದೇ ಕಾರಣಕ್ಕೆ ನಾಲ್ಕು ಜೋಡಿ ಪೇರಿಸಿಟ್ಟುಕೊಂಡವರ ಪರಿಗ್ರಹಕ್ಕೆ ಯಾವ ಹೆಸರು? ಆ ಫೋಮು ಖನಿಜ ತೈಲದಿಂದ ಹುಟ್ಟಿದ್ದು, ಮಣ್ಣಿನಲ್ಲಿ ಕರಗದು. ಎಸೆದ ಮೇಲೆ ಅದು ಬೀಳುವ ನೆಲದಲ್ಲೂ ಸೂಕ್ಷ್ಮ ಜೀವಗಳಿವೆ.

ಶೂವಿನ ಈ ವ್ಯಾಮೋಹವು ಈಗ ಓಟದ ಬಳಗಗಳನ್ನೂ ಹೊಕ್ಕಿದೆ. ಬೆಂಗಳೂರಿನಲ್ಲಿ 2008ರಲ್ಲಿ ಅಂತಾರಾಷ್ಟ್ರೀಯ 10 ಕಿ.ಮೀ. ಓಟ ಆರಂಭವಾದ ನಂತರ ಇಂಥ ಬಳಗಗಳು ಬೆಳೆದವು. ಕಬ್ಬನ್ ಪಾರ್ಕಿನಲ್ಲಿ ಮುಂಜಾನೆ ಅವುಗಳನ್ನು ಕಾಣಬಹುದು. ಅವುಗಳಿಂದ ಆಗಿರುವ ಉಪಕಾರ ದೊಡ್ಡದು. ಒಬ್ಬರೇ ಆದರೆ ಮಳೆಯ ನೆಪ ಸಾಕು. ನಾಲ್ವರು ಕಾಯುತ್ತಿದ್ದಾರೆಂದರೆ ಹಾಸಿಗೆ ಬಿಟ್ಟು ಏಳಲೇಬೇಕು. ಆದರೆ ಯಾರ ಕಾಲಲ್ಲಿ ಯಾವ ಶೂ ಎಂದು ನೋಡುವ, ಕೈಗಡಿಯಾರದ ಅಂಕಿಗಳನ್ನು ಹೋಲಿಸುವ, ವೇಗಿಗಳು ಮುಂದೆ ಹೋಗಿ ಹೊಸಬಳಾದ ತಾಯಿಯೊಬ್ಬಳನ್ನು ಹಿಂದೆ ಒಂಟಿಯಾಗಿ ಬಿಡುವ ಬಳಗವು ಲಿಡಿಯಾರ್ಡರ ದಾರಿಯದಲ್ಲ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರಿಂದ ಮೊದಲಾಗಿ ಹಲವು ದೇಶಗಳಿಗೆ ಹಬ್ಬಿದ ಪಾರ್ಕ್‌ರನ್ ಎಂಬ 5 ಕಿ.ಮೀ. ಓಟಕ್ಕೆ ಶುಲ್ಕವಿಲ್ಲ; ಎಲ್ಲರಿಗಿಂತ ಹಿಂದೆ ನಡೆದು ಬರುವುದಕ್ಕೆಂದೇ ಅಲ್ಲಿ ಸ್ವಯಂಸೇವಕರೊಬ್ಬರು ಇರುತ್ತಾರೆ. ನಮ್ಮ ಬಳಗಗಳು ಕಲಿಯಬೇಕಾದ ಪಾಠ ಅಲ್ಲಿದೆ. ಐದು ನಿಮಿಷ ನಡಿಗೆ, ಒಂದು ನಿಮಿಷ ಓಟ ಎಂದು ಆರಂಭಿಸುವವರಿಗೆ ಜೊತೆಗಾರರಿಲ್ಲದ ಕಡೆ ಸೇರದಿರುವುದೇ ಲೇಸು.

ಮೊದಲ ಎರಡು ವಾರಗಳ ಆ ನಡಿಗೆ-ಓಟಕ್ಕೆ ಮನೆಯಲ್ಲಿರುವ, ಅಟ್ಟೆ ಸವೆಯದ ಯಾವುದೇ ಕ್ರೀಡಾ ಶೂ ಸಾಕು. ಅಭ್ಯಾಸ ನಿಂತಿತೆಂದು ಕಂಡ ಮೇಲೆ ಕೊಳ್ಳಬಹುದು. ಸಂಜೆ, ಪಾದ ತುಸು ಊದಿರುವ ಹೊತ್ತಿನಲ್ಲಿ, ಓಡುವಾಗ ತೊಡುವ ಕಾಲುಚೀಲವನ್ನೇ ತೊಟ್ಟು ಅಂಗಡಿಗೆ ಹೋಗಬೇಕು. ಎರಡೂ ಕಾಲಿಗೆ ಹಾಕಿ ನೋಡಬೇಕು; ಹಲವರಿಗೆ ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದು. ಬೆರಳ ತುದಿಗೆ ಹೆಬ್ಬೆರಳ ಅಗಲದಷ್ಟು ಜಾಗವಿರಲಿ, ಹಿಮ್ಮಡಿ ಜಾರದಿರಲಿ. ಹೊಸ ಆವೃತ್ತಿ ಬಂದೊಡನೆ ಹಳೆಯದರ ಬೆಲೆ ಇಳಿಯುತ್ತದೆ. ಎಷ್ಟೋ ಸಲ ಬದಲಾದದ್ದು ಬಣ್ಣ ಮಾತ್ರ. ಆ ಹಳೆಯದನ್ನೇ ಒಂದು ಜೋಡಿ ಕೊಂಡು, ಅಟ್ಟೆ ಸವೆದು ಒಂದು ಬದಿಗೆ ವಾಲುವವರೆಗೆ ಓಡಿ, ಆಮೇಲೆ ತರಕಾರಿ ತರುವುದಕ್ಕೆ ಬಳಸಬಹುದು.