34ಕ್ಕ ನಿಂತ ಮೀಟರು

ಹೋದ ವಾರ ನಮ್ಮ ಅಡಿಗಿಮನಿ ಕಟ್ಟಿ ಮ್ಯಾಲ ಹಿಟ್ಟಿನ ಡಬ್ಬಿ ಸರಿಸಿ ಒಂದು ಹಲಗಿ ಇಟ್ಟಿದ್ವಿ. ನಮ್ಮ ಸಣ್ಣ ಮಗಳು ಪಿಯುಸಿ ಓದಾಕತ್ತಾಳ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕ ವೋಲ್ಟೇಜ್ ಏರಿಸೋ ಸರ್ಕ್ಯೂಟ್ ಮಾಡಾಕ ಕುಂತಿದ್ಲು. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಕು ಡಯೋಡು, ನಾಕು ಕೆಪಾಸಿಟರು, ಇಷ್ಟ ಸಾಮಾನು.

ಮೊದಲನೇ ದಿನಾನ ಒಂದು ಕೆಪಾಸಿಟರ್ ಬಿಸಿಯಾಗಿ ಪುರಿ ಹಂಗ ಉಬ್ಬಿತು. ಗಾಬರಿಯಾಗಿ ಸ್ವಿಚ್ ಆರಿಸಿ, ಹಲಗಿ ಎತ್ತಾಕ ಹೋದ್ಲು ನೋಡ್ರಿ, ಬೆರಳಿಗೆ ಜುಮ್ ಅಂತ ಹೊಡೀತು. ಆರಿಸಿದ ಮ್ಯಾಲ ಹೊಡೀತು! ನಮ್ಮ ಯಜಮಾನ್ರು, "ಎತ್ತಿಡ್ರಿ ಅದನ್ನ, ಹೆಣ್ಮಕ್ಕಳಿಗ್ಯಾಕ ವೈರಿನ ಉಸಾಬರಿ" ಅಂದ್ರು. ಹುಡುಗಿ ಕಣ್ಣಾಗ ನೀರು ತಂದ್ಲು.

ನಾನೂ ಪಿಯುಸಿ ಸೈನ್ಸ್ ಓದಿದಾಕಿ. ಮದುವಿ ಆತು, ಪುಸ್ತಕ ಅಟ್ಟಕ್ಕ ಏರಿದ್ವು. ಅವತ್ತು ನನಗೂ ಯಾರೋ ಹಿಂಗ ಅಂದಿದ್ರು. ಅದಕ್ಕ ಹೇಳಿದೆ, "ಎತ್ತಿಡೂದು ನಾಳಿ ನೋಡೋಣು, ಮೊದಲು ತಪ್ಪು ಎಲ್ಲೈತಿ ಹುಡುಕೋಣು."

ಉಬ್ಬಿದ್ದಕ್ಕ ಕಾರಣ ಲಗೂನ ಸಿಕ್ತು. 12 ವೋಲ್ಟ್ ಏಸಿ ಅಂದ್ರ ಅದರ ತುದಿ 17ರ ತನಕ ಹೋಗತೈತಿ. ಮೊದಲನೇ ಕೆಪಾಸಿಟರ್ ಬಿಟ್ರ ಉಳಿದವು ಅದರ ಎರಡು ಪಟ್ಟು, ಅಂದ್ರ 34 ವೋಲ್ಟ್ ತಡೀಬೇಕು. ನಮ್ಮವು 25ರವು! ಗದಗಿಗೆ ಹೋಗಿ 63 ವೋಲ್ಟಿನವು ತಂದು ಹಾಕಿದ್ವಿ.

ಈಗ ಬಿಸಿ ಆಗಲಿಲ್ಲ, ಆದ್ರ ಕೊನಿಗೆ 65ರ ಆಸುಪಾಸು ಬರಬೇಕಾದ್ದು ಮೀಟರಿನ್ಯಾಗ 34ಕ್ಕ ನಿಂತಿತ್ತು. ಹುಡುಗಿ ಎಲ್ಲಾ ಬಿಚ್ಚಾಕ ಹೊಂಟ್ಲು. ಸಾರು ಕೆಟ್ಟರ ಗಡಿಗಿ ಒಡೀತೀವೇನು? ಉಪ್ಪೋ ಹುಳಿಯೋ ಒಂದೊಂದ ನೋಡತೀವಿ. ಹಂಗ ಟ್ರಾನ್ಸ್‌ಫಾರ್ಮರಿನಿಂದ ಶುರು ಮಾಡಿದ್ವಿ. ಅಲ್ಲಿ 12 ಸರಿ. ಮೊದಲನೇ ಮೆಟ್ಟಲಿಗೆ 34 ಸರಿ. ಎರಡನೇ ಮೆಟ್ಟಲು ಏನೂ ಕೂಡಿಸಿಲ್ಲ. ಅಂದ್ರ ತಪ್ಪು ಅಲ್ಲೇ ಐತಿ. ಕನ್ನಡಕ ಹಾಕ್ಕೊಂಡು ನೋಡಿದ್ರ ಮೂರನೇ ಡಯೋಡಿನ ಬಿಳಿ ಪಟ್ಟಿ ಉಲ್ಟಾ ಇತ್ತು.

ಹೊಂಡದ ಮೆಟ್ಟಲ ಮ್ಯಾಲ ಸಾಲಾಗಿ ನಿಂತು ಕೊಡ ದಾಟಸ್ತೀವಲ್ಲ, ಇದೂ ಹಂಗ. ಡಯೋಡ್ ಅಂದ್ರ ಮ್ಯಾಲಿನಾಕಿಗೆ ಅಷ್ಟ ಕೊಡ ಕೊಡಾಕಿ, ಹಿಂದಕ್ಕ ಬಿಡಂಗಿಲ್ಲ. ನಡುವ ಒಬ್ಬಾಕಿ ಮುಖ ತಿರುಗಿಸಿ ನಿಂತ್ರ ನೀರು ಅಲ್ಲೇ ನಿಲ್ಲತೈತಿ. ಮತ್ತ ಒಂದು ಮಾತು: ನೀರು ಮ್ಯಾಲ ಏರತೈತಿ, ಹೆಚ್ಚಾಗಂಗಿಲ್ಲ. ವೋಲ್ಟೇಜ್ ಏರಿದಷ್ಟೂ ಸಿಗೋ ಕರೆಂಟ್ ಕಡಿಮಿ.

1932ರಾಗ ಕೇಂಬ್ರಿಜ್ಜಿನ್ಯಾಗ ಕಾಕ್‌ಕ್ರಾಫ್ಟ್ ಮತ್ತ ವಾಲ್ಟನ್ ಇಂಥಾ ಏಣೀನ ಲಕ್ಷಗಟ್ಲೆ ವೋಲ್ಟಿಗೆ ಏರಿಸಿ ಲಿಥಿಯಂ ಪರಮಾಣು ಒಡೆದ್ರು. 1951ರಾಗ ಅವರಿಗೆ ನೊಬೆಲ್ ಬಂತು. ನಮ್ಮನಿ ಸೊಳ್ಳಿ ಬ್ಯಾಟಿನ್ಯಾಗೂ ಇದರ ಮರಿ ಐತಿ.

ಯಜಮಾನ್ರ ಹೆದರಿಕಿ ಸುಳ್ಳಲ್ಲ. ಆದ್ರ ಹೆದರಿಕಿಗೆ ಔಷಧ ಎತ್ತಿಡೂದಲ್ಲ, ಕಲಿಸೂದು. ಕೆಪಾಸಿಟರ್ ಸ್ವಿಚ್ ಆರಿದ ಮ್ಯಾಲೂ ಕರೆಂಟ್ ಹಿಡಕೊಂಡಿರತೈತಿ. ಈಗ ನಮ್ಮ ಹುಡುಗಿ ಪ್ಲಗ್ ಕಿತ್ತು, ಒಂದು ಸಾವಿರ ಓಮಿನ ರೆಸಿಸ್ಟರ್ ಅಡ್ಡ ಹಿಡಿದು, ಮೀಟರ್ ಸೊನ್ನಿಗೆ ಬಂದ ಮ್ಯಾಲ ಮುಟ್ಟತಾಳ. ಗ್ವಾಡಿ ಪ್ಲಗ್ಗಿನ 230 ವೋಲ್ಟಿಗೆ ಈ ಸರ್ಕ್ಯೂಟ್ ನೇರ ಹಚ್ಚೂದು ಮಾತ್ರ ಎಂದೂ ಬ್ಯಾಡ, ಅದು ಜೀವದ ಪ್ರಶ್ನೆ.

ಅಕ್ಕತಂಗೇರ, ಹೆಣ್ಮಕ್ಕಳು ಬಿಚ್ಚಿ ನೋಡಾಕ ಕುಂತ್ರ ಬೈಬ್ಯಾಡ್ರಿ, ಬಾಜೂಕ ಕುಂದರ್ರಿ. ಮೀಟರ್ 65 ತೋರಿಸಿದಾಗ ಯಜಮಾನ್ರೂ ಕನ್ನಡಕ ಕೇಳಿದ್ರು.