ಮೂಲಪ್ರತಿ ಎಲ್ಲಿ, ತಮ್ಮಾ?

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಇವತ್ತಿದ್ದಿದ್ದರೆ ಮದುವೆಯ ವೀಡಿಯೋ ಮಾಡಿಸಿ ನೋಡು ಎಂಬುದನ್ನೂ ಸೇರಿಸುತ್ತಿದ್ದರೇನೋ. ಸೀರೆ ಕೊಳ್ಳುವಾಗ ನಾವು ಸೆರಗು ಬಿಡಿಸಿ, ಜರಿ ಉಜ್ಜಿ ನೋಡುತ್ತೇವೆ. ಬಂಗಾರವನ್ನು ಮಿಲಿಗ್ರಾಮಿನ ತನಕ ತೂಗಿಸುತ್ತೇವೆ. ಒಂದು ಕಟ್ಟು ಕೊತ್ತಂಬರಿಗೆ ಸೊಪ್ಪಿನವಳ ಹತ್ತಿರ ಹತ್ತು ಮಾತಾಡುತ್ತೇವೆ. ಅಂಥ ನಾವು ಸಾವಿರಾರು ರೂಪಾಯಿ ಎಣಿಸಿ ಕೊಟ್ಟು ಸ್ಟುಡಿಯೋದಿಂದ ಪಡೆಯುವುದೇನು? ಫೋನಿನಲ್ಲಿ 'ಟಿಣ್' ಎಂದು ಬಂದು ಬೀಳುವ ಒಂದು ವಾಟ್ಸಾಪ್ ತುಣುಕು. ಇದು ಮೋಸ ಎಂದೇ ನಾನು ಹೇಳುತ್ತೇನೆ. ಮೋಸ ಮಾಡುವ ಉದ್ದೇಶ ಯಾರಿಗೂ ಇಲ್ಲದಿರಬಹುದು, ನಷ್ಟವಂತೂ ನಮ್ಮದೇ.

ನಮ್ಮದು ಮದ್ದೂರು. ಮದ್ದೂರು ಎಂದೊಡನೆ ವಡೆ ಕೇಳಬೇಡಿ, ಆ ಊರು ಮಂಡ್ಯ ಜಿಲ್ಲೆಯದು. ಇದು ಗುಂಡ್ಲುಪೇಟೆ ತಾಲ್ಲೂಕಿನ, ಬಂಡೀಪುರ ಕಾಡಿನ ಅಂಚಿನ, ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ ಚೆಕ್‌ಪೋಸ್ಟ್ ಇರುವ ಮದ್ದೂರು. ಇಂಥ ಕಾಡಂಚಿಗೂ ಈಗ ಕುಣಿಯುವ ಲಗ್ನಪತ್ರಿಕೆ ಬಂದಿದೆ. ಗಣಪತಿ ಮೂಡುತ್ತಾನೆ, ಮಲ್ಲಿಗೆ ಉದುರುತ್ತದೆ, ಹೆಣ್ಣು ಗಂಡಿನ ಹೆಸರು ತೇಲಿಬರುತ್ತದೆ, ಹಿಂದೆ ನಾದಸ್ವರ. ನಿದ್ದೆಗೆಟ್ಟು ಇದನ್ನೆಲ್ಲ ಮಾಡುವ ಹುಡುಗರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರಿರುವುದು ಮಾಡಿದ್ದನ್ನು ನಮ್ಮ ಕೈಗೆ ಕೊಡುವ ರೀತಿಯ ಬಗ್ಗೆ. ಕೇಳಿದರೆ ಬರುವ ಉತ್ತರ ಒಂದೇ: "ಅದೆಲ್ಲ ಟೆಕ್ನಿಕಲ್ಲು, ನಿಮ್ಗೆ ಗೊತ್ತಾಗಲ್ಲ ಕಣಕ್ಕ."

ಯಾಕೆ ಗೊತ್ತಾಗುವುದಿಲ್ಲ? ಇಡ್ಲಿ ಬೇಯಿಸುವವರಿಗೆ ಇದು ಕಷ್ಟದ ವಿದ್ಯೆಯೇನಲ್ಲ. ಕಂಪ್ಯೂಟರಿನಲ್ಲಿ ಹೂವು ಒಂದು ಪದರ, ಅಕ್ಷರ ಒಂದು ಪದರ, ಫೋಟೋ ಒಂದು, ಸಂಗೀತ ಇನ್ನೊಂದು, ಹೀಗೆ ಎಲ್ಲವೂ ಬೇರೆಬೇರೆ ಇರುತ್ತವೆ. ಅವರು ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ, ನಾವು ಹಿಟ್ಟು ಎಂದುಕೊಳ್ಳೋಣ. ಕೆಲಸ ಮುಗಿದ ಮೇಲೆ ಪದರಗಳನ್ನೆಲ್ಲ ಕೂಡಿಸಿ ಒಂದೇ ಕಡತವಾಗಿ ಬೇಯಿಸಿ ತೆಗೆಯುವುದೇ ಎಕ್ಸ್‌ಪೋರ್ಟ್. ಸೆಕೆಂಡಿಗೆ 25 ಚಿತ್ರವೆಂದರೆ ನಿಮಿಷಕ್ಕೆ 1,500 ಚಿತ್ರ. ಒಂದೊಂದು ಚಿತ್ರವೂ ಒಂದು ಬದಿಗೆ 1,920, ಇನ್ನೊಂದು ಬದಿಗೆ 1,080 ಚುಕ್ಕಿ ಇಟ್ಟ ರಂಗೋಲಿ. ಸೆಕೆಂಡಿಗೆ 10 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಮೂರು ನಿಮಿಷದ ವೀಡಿಯೋ ಸುಮಾರು 225 ಎಂಬಿ ತೂಗುತ್ತದೆ. ನಾವು ದುಡ್ಡು ಕೊಟ್ಟಿದ್ದು ಈ ತೂಕಕ್ಕೆ.

ಅದನ್ನು ವಾಟ್ಸಾಪ್‌ನಲ್ಲಿ ಸುಮ್ಮನೆ ವೀಡಿಯೋ ಎಂದು ಕಳಿಸಿದರೆ ಅದು ದಾರಿಯಲ್ಲೇ ಹಿಂಡಿಹೋಗುತ್ತದೆ. ಬಹುಕಾಲ ಅಲ್ಲಿನ ಮಿತಿ 16 ಎಂಬಿ ಇತ್ತು. 225 ಹೋಗಿ 16 ಆಯಿತೆಂದರೆ ಹದಿನಾಲ್ಕರಲ್ಲಿ ಒಂದು ಪಾಲು. ನಮ್ಮ ಚೆಕ್‌ಪೋಸ್ಟಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಆಂಬುಲೆನ್ಸ್ ಮತ್ತು ಕೆಲವೇ ಬಸ್ಸು ಬಿಟ್ಟರೆ ಬೇರೆ ವಾಹನ ಬಿಡುವುದಿಲ್ಲ. ತರಕಾರಿ ಲಾರಿಯವರು ಕಾಯುತ್ತಾರೆ, ಗೊಣಗುತ್ತಾರೆ. ಆದರೂ ಬೆಳಗಾದ ಮೇಲೆ ತಂದ ಮೂಟೆಯಷ್ಟೂ ದಾಟುತ್ತದೆ. ಹದಿನಾಲ್ಕು ಮೂಟೆಯಲ್ಲಿ ಹದಿಮೂರನ್ನು ಇಲ್ಲೇ ಸುರಿದು ಒಂದನ್ನು ಮಾತ್ರ ಒಯ್ಯಿರಿ ಎಂದರೆ ಯಾವ ರೈತ ಸುಮ್ಮನಿದ್ದಾನು? ನಾವು ಮಾತ್ರ "ಬಂತಪ್ಪಾ, ಚೆನ್ನಾಗಿದೆ" ಎಂದು ಕೈಮುಗಿಯುವ ಚಿತ್ರ ಒತ್ತಿ ಕಳಿಸುತ್ತೇವೆ.

2023ರಲ್ಲಿ ಎಚ್‌ಡಿ ಎಂಬ ಗುಂಡಿ ಬಂದಿದೆಯಲ್ಲ ಎನ್ನಬಹುದು. ಅದೂ ಹಿಂಡುತ್ತದೆ, ಸ್ವಲ್ಪ ಕಡಿಮೆ ಅಷ್ಟೆ. ಅದೇ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಎಂದು ಒತ್ತಿ ಕಳಿಸಿದರೆ ಕಡತ ಇದ್ದ ಹಾಗೇ ಬರುತ್ತದೆ. 2022ರಿಂದ 2 ಜಿಬಿ ತನಕ ಕಳಿಸಬಹುದು. ಸ್ಟುಡಿಯೋದವರಿಗೆ ಇದು ಗೊತ್ತಿಲ್ಲವೆ? ಗೊತ್ತಿದೆ. ನಾವು ಕೇಳುವುದಿಲ್ಲ ಎಂಬುದೂ ಗೊತ್ತಿದೆ.

ಇದರಲ್ಲಿ ಹೋಗುವುದು ಬರೀ ಚಂದವಾದರೆ ನಾನಿಷ್ಟು ಕೂಗಾಡುತ್ತಿರಲಿಲ್ಲ. ನನ್ನ ತಂಗಿಯ ಮಗಳ ಮದುವೆಯಲ್ಲಿ ನಮ್ಮ ಸೋದರತ್ತೆ ಹಸೆಯ ಮುಂದೆ ಕೂತು ಸೋಬಾನೆ ಹಾಡಿದರು. ಎರಡು ವರ್ಷ ತುಂಬುವುದರೊಳಗೆ ಅತ್ತೆ ತೀರಿಕೊಂಡರು. ಅವರ ದನಿ ಬೇಕೆಂದು ತಂಗಿ ಸ್ಟುಡಿಯೋಕ್ಕೆ ಹೋದರೆ, "ಆವಾಗ್ಲೇ ವಾಟ್ಸಾಪ್ ಮಾಡಿದ್ನಲ್ಲ ಕಣಕ್ಕ, ಜಾಗ ಸಾಲ್ದು ಅಂತ ಅಳಿಸ್ಬುಟ್ಟೆ" ಎಂದ. ಉಳಿದ ತುಣುಕಿನಲ್ಲಿ ಅತ್ತೆಯ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತಿದೆ. ಮುಖ ಚೌಕಚೌಕವಾಗಿ ಒಡೆದಿದೆ. ಆ ಪದಗಳು ಇನ್ನು ಯಾರ ಬಾಯಲ್ಲೂ ಇಲ್ಲ.

ಒಂದು ಮನೆಗೆ ಆದದ್ದು ನಾಡಿಗೂ ಆಗಿದೆ. ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನಾ'. ಅದರ ಒಂದು ಪ್ರತಿಯೂ ಇವತ್ತು ನೋಡಲು ಸಿಗುವುದಿಲ್ಲ. ಆ ಕಾಲದ ರೀಲು ಇಡಲು ದೊಡ್ಡ ಉಗ್ರಾಣ ಬೇಕಿತ್ತು. ಈಗ ಬೆರಳುದ್ದದ ಪೆನ್‌ಡ್ರೈವ್ ಸಾಕು. ಆದರೂ ಕಳೆದುಕೊಳ್ಳುತ್ತೇವೆಂದರೆ ಏನು ಹೇಳೋಣ?

ಇನ್ನು ಅಕ್ಷರದ ಮಾತು. ಕುಣಿಯುವ ಪತ್ರಿಕೆಯಲ್ಲಿ 'ಸಿದ್ದಮ್ಮ' ಎಂಬ ಹೆಸರು 'ಸಿದ್‌ದಮ್‌ಮ' ಆಗಿರುವುದನ್ನು ನೀವೂ ನೋಡಿರುತ್ತೀರಿ. ಇಂಥ ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಬೇರೆ ಆಯ್ಕೆ ಇರುತ್ತದೆ. ಅದನ್ನು ಆರಿಸದಿದ್ದರೆ ಒತ್ತಕ್ಷರ ಅಡಿಯಲ್ಲಿ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಹಿಟ್ಟಿನ ಹಂತದಲ್ಲಾದರೆ ಐದು ನಿಮಿಷದ ಕೆಲಸ. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲು ಬರುವುದಿಲ್ಲ. ಆದ್ದರಿಂದ ಎಕ್ಸ್‌ಪೋರ್ಟ್ ಆಗುವ ಮುಂಚೆ ಪಕ್ಕದಲ್ಲಿ ಕೂತು ಒಂದೊಂದು ಹೆಸರನ್ನೂ ಓದಿ. ಅಜ್ಜಿಯ ಹೆಸರು ಮುರಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ಮಾತಿಗೆ ತಲೆಯಾಡಿಸಬೇಡಿ.

ಸ್ಟುಡಿಯೋದವರಿಗೂ ಅವರ ವಾದವಿದೆ. ಹಾರ್ಡ್‌ಡಿಸ್ಕಿಗೆ ದುಡ್ಡು ಬೇಕು, ಎಲ್ಲರ ಮದುವೆಯನ್ನೂ ಎಷ್ಟು ವರ್ಷ ಕಾಯುವುದು ಎನ್ನುತ್ತಾರೆ. ನಿಜ, ಕಾಯಬೇಡಿ; ನಮಗೆ ಕೊಟ್ಟುಬಿಡಿ, ನಾವು ಕಾಯುತ್ತೇವೆ. ಪ್ರಾಜೆಕ್ಟ್ ಕೊಟ್ಟರೆ ನಮ್ಮ ವಿನ್ಯಾಸ ಕದಿಯುತ್ತಾರೆ ಎನ್ನುತ್ತಾರೆ. ಅದೂ ಒಪ್ಪುವ ಮಾತೇ. ಹಿಟ್ಟಿನ ಹದ ನಿಮ್ಮಲ್ಲೇ ಇರಲಿ, ಬೆಂದದ್ದನ್ನು ಪೂರ್ತಿ ಬಡಿಸಿ.

ಕಾನೂನೂ ನಮ್ಮ ಕಡೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮನ್ನು ಯಾರಾದರೂ ಓದಿಸಿ ಕೇಳಿ. ದುಡ್ಡು ಕೊಟ್ಟು ನಾವು ಹೇಳಿ ಮಾಡಿಸಿದ ಫೋಟೋ ಅಥವಾ ಚಲನಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯರು ಮಾಡಿಸಿದವರೇ. ಆ 'ಬೇರೆ ಒಪ್ಪಂದ' ಎಂಬುದು ರಸೀದಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿ ಅಡಗಿರಬಹುದು. ಕನ್ನಡಕ ಹಾಕಿಕೊಂಡು ಓದಿಯೇ ರುಜು ಮಾಡಿ.

ಮುಂಗಡ ಕೊಡುವ ದಿನವೇ ಚೀಟಿಯ ಮೇಲೆ ಬರೆಸಿ: ಪೂರ್ತಿ ತೂಕದ ಕಡತ ಪೆನ್‌ಡ್ರೈವಿನಲ್ಲಿ, ನಾವು ತೆರೆದು ನೋಡಿ 'ಸರಿ' ಎನ್ನುವ ತನಕ ಅಳಿಸುವಂತಿಲ್ಲ, ಬಾಕಿ ಹಣ ಆಮೇಲೆ. ಪೆನ್‌ಡ್ರೈವ್ ಕೆಡಬಹುದು, ಅದಕ್ಕೇ ಇನ್ನೊಂದು ಪ್ರತಿ ಮಗಳ ಕಂಪ್ಯೂಟರಿನಲ್ಲೋ ತಮ್ಮನ ಮನೆಯಲ್ಲೋ ಇರಲಿ. ನೆಂಟರಿಗೆ, ಸ್ಟೇಟಸ್ಸಿಗೆ ಹಿಂಡಿದ ತುಣುಕು ಧಾರಾಳವಾಗಿ ಹೋಗಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಇಷ್ಟನ್ನು ಬರೆದುಕೊಡಲು ಒಪ್ಪದ ಸ್ಟುಡಿಯೋಕ್ಕೆ ಮುಂಗಡ ಕೊಡಬೇಡಿ. ಅದೇ ಬೀದಿಯಲ್ಲಿ ಇನ್ನೊಂದು ಇದ್ದೇ ಇರುತ್ತದೆ.