ವಾಟಿನ ಲೆಕ್ಕ ಬಿಟ್ಟು ಕಡೆಯ ಸಾಲಿನಲ್ಲಿ ಕೂತು ಕೇಳಿ

ಊರಿನ ರಂಗಮಂದಿರಕ್ಕೋ ಸಮುದಾಯ ಭವನಕ್ಕೋ ಹೊಸ ಸೌಂಡ್ ಸಿಸ್ಟಮ್ ಹಾಕಿಸುವ ಮಾತು ಬಂದರೆ ಸಮಿತಿಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಎಷ್ಟು ವಾಟ್? ದರಪಟ್ಟಿ ತರುವವರೂ ಅದನ್ನೇ ದಪ್ಪಕ್ಷರದಲ್ಲಿ ಬರೆದು ತರುತ್ತಾರೆ. ಲಕ್ಷಗಟ್ಟಲೆ ರೂಪಾಯಿಯ ಪೆಟ್ಟಿಗೆಗಳು ಬಂದು ವೇದಿಕೆಯ ಎರಡೂ ಬದಿಗೆ ಕೂರುತ್ತವೆ. ಕಾರ್ಯಕ್ರಮ ಶುರುವಾದಾಗ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನ ಸಾಲಿನವರು ‘ಏನಂದ್ರು?’ ಎಂದು ಪಕ್ಕದವರನ್ನು ಕೇಳುತ್ತಾರೆ. ಸದ್ದು ಬೇಕಾದಷ್ಟಿರುತ್ತದೆ, ಮಾತು ಮಾತ್ರ ತಲುಪಿರುವುದಿಲ್ಲ.

ವಾಟ್ ಎನ್ನುವುದು ಸ್ಪೀಕರ್ ತಾಳಿಕೊಳ್ಳಬಲ್ಲ ವಿದ್ಯುತ್ತಿನ ಅಳತೆಯೇ ಹೊರತು ಅದು ಹೊರಡಿಸುವ ಸದ್ದಿನ ಅಳತೆಯಲ್ಲ. ಸದ್ದಿನ ಅಂದಾಜು ಸಿಗುವುದು ಅದೇ ವಿವರಪಟ್ಟಿಯ ಸಣ್ಣಕ್ಷರದ ಸಾಲಿನಲ್ಲಿರುವ ಸೆನ್ಸಿಟಿವಿಟಿಯಿಂದ. 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಎಂಬ ಅಂಕಿ ಅದು. ಅದು 90 ಇರುವ ಪೆಟ್ಟಿಗೆಗೆ 1000 ವಾಟ್ ಕೊಟ್ಟರೆ ಲೆಕ್ಕದ ಪ್ರಕಾರ 120 ಡೆಸಿಬಲ್ ಹೊರಡುತ್ತದೆ. 98 ಇರುವ ಪೆಟ್ಟಿಗೆಗೆ ಬರೀ 250 ವಾಟ್ ಕೊಟ್ಟರೂ 122 ಡೆಸಿಬಲ್. ವಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬಲ್ ಅಷ್ಟೇ. ಕಿವಿಗೆ ಸದ್ದು ಎರಡರಷ್ಟಾಯಿತು ಅನ್ನಿಸಲು ಸುಮಾರು 10 ಡೆಸಿಬಲ್, ಅಂದರೆ ಹತ್ತುಪಟ್ಟು ವಾಟ್ ಬೇಕು. 4 ಸಾವಿರ ಸಾಕೋ 5 ಸಾವಿರ ಬೇಕೋ ಎಂದು ಸಮಿತಿಯವರು ಗಂಟೆಗಟ್ಟಲೆ ಚರ್ಚಿಸುವುದು 1 ಡೆಸಿಬಲ್ಲಿಗಾಗಿ.

ಮೊದಲು ನೋಡಬೇಕಾದ್ದು ಪೆಟ್ಟಿಗೆಯನ್ನಲ್ಲ, ಅದು ಕೂರುವ ಸಭಾಂಗಣವನ್ನು. ಈ ತಿಳಿವಳಿಕೆಗೆ ನೂರು ವರ್ಷ ದಾಟಿದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಫಾಗ್ ಮ್ಯೂಸಿಯಂನಲ್ಲಿದ್ದ ಉಪನ್ಯಾಸ ಮಂದಿರ ಪಾಠಕ್ಕೆ ನಾಲಾಯಕ್ಕಾಗಿತ್ತು. ಆಡಿದ ಮಾತು ಐದೂವರೆ ಸೆಕೆಂಡಿನವರೆಗೂ ಗೋಡೆಯಿಂದ ಗೋಡೆಗೆ ಅಲೆಯುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ಭೌತವಿಜ್ಞಾನದ ಯುವ ಅಧ್ಯಾಪಕ ವ್ಯಾಲೇಸ್ ಸಬೈನ್ ಹೆಗಲಿಗೆ ಬಿತ್ತು. ಆತ ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಒಂದೊಂದಾಗಿ ಹಾಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವವರೆಗಿನ ಹೊತ್ತನ್ನು ಸ್ಟಾಪ್‌ವಾಚ್‌ನಲ್ಲಿ ಅಳೆದ. ಬೆಳಗಾಗುವ ಮೊದಲು ದಿಂಬುಗಳು ಸ್ವಸ್ಥಾನ ಸೇರಬೇಕಿತ್ತು. ಸದ್ದು ಅಡಗುವ ಈ ಹೊತ್ತನ್ನು, ಅಂದರೆ ಅನುರಣನವನ್ನು, ಲೆಕ್ಕ ಹಾಕಲು ಅಲ್ಲಿಂದ ಹುಟ್ಟಿದ ಸೂತ್ರವನ್ನು ಇವತ್ತಿಗೂ ಬಳಸುತ್ತಾರೆ.

ಆ ಸೂತ್ರವನ್ನು ನಮ್ಮದೇ ಒಂದು ಸಭಾಭವನಕ್ಕೆ ಹಚ್ಚಿ ನೋಡಬಹುದು. 30 ಮೀಟರ್ ಉದ್ದ, 18 ಮೀಟರ್ ಅಗಲ, 7 ಮೀಟರ್ ಎತ್ತರ. ಗ್ರಾನೈಟ್ ನೆಲ, ಬಣ್ಣ ಬಳಿದ ಬೋಳು ಗೋಡೆ, ಕಾಂಕ್ರೀಟ್ ಚಾವಣಿ. ಇಂಥ ಮೈಗಳು ಬಡಿದ ಸದ್ದಿನಲ್ಲಿ ನೂರಕ್ಕೆ 5 ಪಾಲು ಮಾತ್ರ ಹೀರಿಕೊಳ್ಳುತ್ತವೆ ಎಂದಿಟ್ಟುಕೊಂಡರೆ ಖಾಲಿ ಭವನದ ಅನುರಣನ ಸುಮಾರು 7 ಸೆಕೆಂಡ್, ಫಾಗ್ ಮಂದಿರಕ್ಕಿಂತಲೂ ಕೆಟ್ಟದು. 500 ಜನ ಬಂದು ಕೂತರೆ ಅವರ ಬಟ್ಟೆ, ಮೈ ಸದ್ದನ್ನು ಹೀರಿ ಅದು 2 ಸೆಕೆಂಡಿಗೆ ಇಳಿಯುತ್ತದೆ. ಮಾತಿಗೆ ಬೇಕಾದ್ದು 1 ಸೆಕೆಂಡಿನ ಆಸುಪಾಸು. ಹಿಂಗೋಡೆಗೂ ಅರ್ಧ ಚಾವಣಿಗೂ ಸದ್ದು ಹೀರುವ ಹಲಗೆ ಹೊದಿಸಿದರೆ ತುಂಬಿದ ಸಭೆಯಲ್ಲಿ ಅಷ್ಟಕ್ಕೇ ಬಂದು ನಿಲ್ಲುತ್ತದೆ. ಸ್ಪೀಕರಿಗೆಂದು ಎತ್ತಿಟ್ಟ ಹಣದಲ್ಲಿ ದೊಡ್ಡ ಪಾಲು ಈ ಹಲಗೆಗಳಿಗೆ ಹೋಗಬೇಕು. ಇದನ್ನು ಒಪ್ಪಿಸುವುದೇ ಕಷ್ಟ, ಏಕೆಂದರೆ ಹಲಗೆಯ ಮುಂದೆ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ.

ಅನುರಣನ ಮೊದಲು ನುಂಗುವುದು ವ್ಯಂಜನಗಳನ್ನು. ಸ್ವರಗಳಲ್ಲಿ ಬಲ ಹೆಚ್ಚು, ವ್ಯಂಜನಗಳಲ್ಲಿ ಕಡಿಮೆ. ಆದರೆ ಅರ್ಥ ನಿಂತಿರುವುದು ವ್ಯಂಜನಗಳ ಮೇಲೆ. ಕಲೆ, ತಲೆ, ಬಲೆ, ಮಲೆ ಇವುಗಳಲ್ಲಿ ಹಿಂದಿನ ಸಾಲಿಗೆ ಹೋಗುವುದು ಬರೀ ‘ಅಲೆ’ಯಾದರೆ ಕೇಳುವವನು ಊಹೆಯಲ್ಲೇ ನಾಟಕ ಮುಗಿಸಬೇಕಾಗುತ್ತದೆ. ಈ ಸೂಕ್ಷ್ಮಗಳು ಮುಖ್ಯವಾಗಿ 2000ದಿಂದ 4000 ಹರ್ಟ್ಸ್ ನಡುವೆ ಇರುತ್ತವೆ. ನಮ್ಮಲ್ಲಿ ಆಪರೇಟರುಗಳು ತಿರುಗಿಸುವುದು ಬೇಸಿನ ಗುಂಡಿಯನ್ನು.

ಇನ್ನು ಪೆಟ್ಟಿಗೆಯ ಜಾಗ. ಬಯಲಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಭವನದೊಳಗೂ ಪೆಟ್ಟಿಗೆಯಿಂದ ನೇರವಾಗಿ ಕಿವಿಗೆ ಬರುವ ಸದ್ದಿನ ಕತೆ ಅದೇ. ಕಿವಿಯ ಮಟ್ಟದಲ್ಲಿಟ್ಟ ಸ್ಪೀಕರಿಗೆ ಮೊದಲ ಸಾಲು 4 ಮೀಟರ್, ಕಡೆಯದು 28 ಮೀಟರ್ ದೂರವಿದ್ದರೆ ಎರಡರ ನಡುವೆ 17 ಡೆಸಿಬಲ್ ವ್ಯತ್ಯಾಸ. ಅದೇ ಪೆಟ್ಟಿಗೆಯನ್ನು ಕಿವಿಮಟ್ಟದಿಂದ 5 ಮೀಟರ್ ಮೇಲೆ ತೂಗಿಸಿದರೆ ವ್ಯತ್ಯಾಸ 13ಕ್ಕೆ ಇಳಿಯುತ್ತದೆ. ಮೂತಿಯನ್ನು ಕಡೆಯ ಸಾಲಿನತ್ತ ತಿರುಗಿಸಿ ಕಟ್ಟಿದರೆ ಇನ್ನೂ ಕಡಿಮೆ. ಇದಕ್ಕೆ ಬೇಕಾದ್ದು ಹೊಸ ಸ್ಪೀಕರಲ್ಲ, ಗಟ್ಟಿ ಕೊಕ್ಕೆ ಮತ್ತು ಅದು ಭಾರ ತಡೆಯುತ್ತದೆಂದು ಸಹಿ ಹಾಕುವ ಎಂಜಿನಿಯರ್.

ಉದ್ದನೆಯ ಭವನಕ್ಕೆ ನಡುವೆ ಇನ್ನೊಂದು ಜೊತೆ ಸಣ್ಣ ಪೆಟ್ಟಿಗೆ ಬೇಕು, ಅದು ತಡವಾಗಿ ನುಡಿಯಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ವೇದಿಕೆಯಿಂದ 17 ಮೀಟರ್ ದೂರದ ಪೆಟ್ಟಿಗೆ ಆ ಕ್ಷಣವೇ ನುಡಿದರೆ ಅಲ್ಲಿ ಕೂತವರಿಗೆ ಒಂದೇ ಮಾತು 50 ಮಿಲಿಸೆಕೆಂಡ್ ಅಂತರದಲ್ಲಿ ಎರಡು ಸಲ ಕೇಳುತ್ತದೆ. ಅಷ್ಟು ತಡಮಾಡಿ, ಮೇಲೆ ಇನ್ನೊಂದು ಹತ್ತು ಮಿಲಿಸೆಕೆಂಡ್ ಸೇರಿಸಿದರೆ ಮಾತು ಸ್ಪಷ್ಟವಾಗುವುದಲ್ಲದೆ ವೇದಿಕೆಯ ಮೇಲಿನ ನಟನ ಬಾಯಿಂದಲೇ ಬಂದಂತೆ ಅನ್ನಿಸುತ್ತದೆ. ಕಿವಿಯ ಈ ಸ್ವಭಾವವನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿಕೊಟ್ಟ. ಎರಡು–ಮೂರು ವರ್ಷದೊಳಗೇ ಪಾರ್ಕಿನ್ ಮತ್ತು ಟೇಲರ್ ಎಂಬಿಬ್ಬರು ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲಿನಲ್ಲಿ ಇದನ್ನು ಪ್ರಯೋಗಿಸಿದರು. ಸದ್ದು ಬಹಳ ಹೊತ್ತು ಅಡಗದ ಆ ಗುಮ್ಮಟದಡಿ ಮೂರು ಮೀಟರಿಗೂ ಎತ್ತರದ ಕಾಲಂ ಸ್ಪೀಕರುಗಳನ್ನು ನಿಲ್ಲಿಸಿ, ತಿರುಗುವ ಕಾಂತೀಯ ತಟ್ಟೆಯೊಂದರಿಂದ ಸದ್ದನ್ನು ತಡಮಾಡಿಸಿದರು. ಆಗ ಅದಕ್ಕೊಂದು ಯಂತ್ರವನ್ನೇ ಕಟ್ಟಬೇಕಾಯಿತು. ಈಗ ಸಾಧಾರಣ ಡಿಜಿಟಲ್ ಮಿಕ್ಸರಿನಲ್ಲೂ ಆ ಸೌಲಭ್ಯ ಇದೆ, ಬಳಸುವವರು ಕಡಿಮೆ.

ಲೈನ್ ಅರೇ ವಿಚಾರವನ್ನೂ ಹೇಳಬೇಕು, ಏಕೆಂದರೆ ತಾಲ್ಲೂಕು ಮಟ್ಟದ ಭವನಗಳೂ ಈಗ ಅದನ್ನೇ ಕೇಳುತ್ತಿವೆ. ಬಾಳೆಗೊನೆಯ ಹಾಗೆ ಬಾಗಿ ತೂಗುವ ಈ ಸಾಲುಪೆಟ್ಟಿಗೆಗಳ ಇಂದಿನ ರೂಪ ಶುರುವಾದದ್ದು ಫ್ರಾನ್ಸಿನ ಕ್ರಿಶ್ಚಿಯನ್ ಹೈಲ್ 1992ರ ಹೊತ್ತಿಗೆ ತಂದ ವಿ-ಡಾಸ್ಕ್‌ನಿಂದ. ಹತ್ತಾರು ಸಾವಿರ ಜನ ಸೇರುವ ಮೈದಾನಕ್ಕೆ ಅದು ವರವೇ ಸರಿ. ಆದರೆ ಅದರ ಗುಣ ನಿಂತಿರುವುದು ಸಾಲಿನ ಉದ್ದದ ಮೇಲೆ. 300 ಆಸನದ ಭವನದಲ್ಲಿ ಮೂರು–ನಾಲ್ಕು ಸಣ್ಣ ಪೆಟ್ಟಿಗೆ ಜೋಡಿಸಿ ತೂಗುಬಿಟ್ಟರೆ ಅದು ಲೈನ್ ಅರೇಯಂತೆ ಕಾಣುತ್ತದೆ, ಹಾಗೆ ನುಡಿಯುವುದಿಲ್ಲ. ಅಲ್ಲಿಗೆ ಎರಡು ಒಳ್ಳೆಯ ಪಾಯಿಂಟ್ ಸೋರ್ಸ್ ಪೆಟ್ಟಿಗೆ, ಅಂದರೆ ಸಾಲುಕಟ್ಟದೆ ಒಂಟಿಯಾಗಿ ನುಡಿಯುವ ಪೆಟ್ಟಿಗೆ ಸಾಕು, ಖರ್ಚೂ ಕಡಿಮೆ.

ಕೆಲವು ಜಾಗಕ್ಕೆ ಸ್ಪೀಕರೇ ಬೇಡ. 2004ರಲ್ಲಿ ತೆರೆದ ಬೆಂಗಳೂರಿನ ರಂಗಶಂಕರದಲ್ಲಿ ಪ್ರೇಕ್ಷಕರ ನಡುವಿಗೆ ಚಾಚಿಕೊಂಡ ವೇದಿಕೆಯಿಂದ ನಟರ ಬರಿದನಿಯೇ ಎಲ್ಲರನ್ನೂ ಮುಟ್ಟುತ್ತದೆ. ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳು ನಡೆಯುವ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ಅಗತ್ಯವೇ ಬೇರೆ: ಪೆಂಡಾಲ್, ಪಕ್ಕದಲ್ಲೇ ನಗರದ ಗದ್ದಲ, ಅದರ ನಡುವೆ ತಂಬೂರದ ಎಳೆ. ಕರಾವಳಿಯ ಯಕ್ಷಗಾನದ ಗದ್ದೆ ಇನ್ನೂ ಬೇರೆ. ಚಂಡೆಗೆ ಸ್ಪೀಕರಿನ ಹಂಗೇ ಇಲ್ಲ. ಅದರ ಪೆಟ್ಟು ಭಾಗವತರ ಮೈಕಿಗೂ ನುಗ್ಗುತ್ತದೆ. ಅಲ್ಲಿ ಕಾಪಾಡಿ ಒಯ್ಯಬೇಕಾದ್ದು ಪದ್ಯದ ಸಾಹಿತ್ಯವನ್ನು, ಅರ್ಥಗಾರಿಕೆಯನ್ನು. ಯಕ್ಷಗಾನದ ಬಯಲಿಗೆ ನಾಲ್ಕು ಸಬ್‌ವೂಫರ್ ತಂದು ಪೇರಿಸುವವರು ಪ್ರಸಂಗದ ಮಾತನ್ನೇ ಮುಚ್ಚುತ್ತಾರೆ.

ಕಾನೂನೂ ಇದೇ ದಿಕ್ಕಿಗೆ ತಳ್ಳುತ್ತಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ವಸತಿ ಪ್ರದೇಶದ ಹಗಲಿನ ಮಿತಿ 55, ಅಲ್ಲಿಗೆ ಗಡಿಯಲ್ಲಿ ಸಿಗುವುದು 65. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕವೇ ಇಲ್ಲ. ರಾಜ್ಯ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಯಕ್ಷಗಾನದ ಹೆಸರಾಂತ ಕಟೀಲು ಮೇಳ 2022ರಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಕಾಲಮಿತಿಗೆ ಇಳಿಸಿದ್ದು ಇದೇ ನಿಯಮದ ಕಾರಣಕ್ಕೆ. ಜನ ಕೂತಲ್ಲಿಗೆ ಮಾತ್ರ ಸದ್ದು ಬೀಳುವಂತೆ ಮೂತಿ ಕಟ್ಟಿದ ಸಣ್ಣ ಪೆಟ್ಟಿಗೆಗಳು ಪ್ರೇಕ್ಷಕರಿಗೂ ಒಳ್ಳೆಯವು, ಪಕ್ಕದ ಬೀದಿಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿಗೂ ಒಳ್ಳೆಯವು.

ಎಷ್ಟೋ ಭವನಗಳಲ್ಲಿ ಮಿಕ್ಸರ್ ಇರುವುದು ವೇದಿಕೆಯ ಪಕ್ಕದ ಕಿಂಡಿಯಲ್ಲಿ, ಇಲ್ಲವೇ ಗಾಜು ಹಾಕಿದ ಕೋಣೆಯಲ್ಲಿ. ಸಭೆಗೆ ಏನು ಕೇಳುತ್ತಿದೆ ಎಂಬುದು ಆಪರೇಟರಿಗೆ ಕೇಳಿಸುವುದೇ ಇಲ್ಲ. ಪ್ರೇಕ್ಷಕರ ನಡುವೆ, ಮೂರನೇ ಎರಡರಷ್ಟು ಹಿಂದೆ, ನಾಲ್ಕು ಕುರ್ಚಿ ತೆಗೆದು ಅವರಿಗೆ ಜಾಗ ಕೊಡಬೇಕು. ತೆರೆದಿಟ್ಟ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ‘ಕುಂಯ್’ ಅನ್ನುವ ಮುಂಚೆ ಸಿಗುವ ಅವಕಾಶ 3 ಡೆಸಿಬಲ್ ಕಳೆಯುತ್ತದೆ. ಎಂಟು ಮೈಕ್ ತೆರೆದರೆ 9 ಡೆಸಿಬಲ್ ಹೋಯಿತು. ಯಾವ ಮೈಕನ್ನು ಯಾವಾಗ ಮುಚ್ಚಬೇಕೆಂದು ಬಲ್ಲ ಆಪರೇಟರ್ ಉಳಿಸಿಕೊಡುವ ಈ 9 ಡೆಸಿಬಲ್ಲನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಹಾಗಿದ್ದೂ ಪೆಟ್ಟಿಗೆಗೆ ಲಕ್ಷಗಟ್ಟಲೆ ಕೊಡುವ ಸಂಸ್ಥೆಗಳು ಆತನ ಸಂಬಳಕ್ಕೆ ಚೌಕಾಸಿ ಮಾಡುತ್ತವೆ.

ಸರ್ಕಾರಿ ಭವನಗಳ ಖರೀದಿ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರಿನಲ್ಲಿ ನಡೆಯುತ್ತದೆ. ಕಡಿಮೆ ದರದವರಿಗೆ ಕೊಡಬೇಕಾಗುತ್ತದೆಂಬ ದೂರು ಸದಾ ಇದೆ. ಆದರೆ ಪೈಪೋಟಿ ಯಾವುದರ ಮೇಲೆ ಎಂದು ತೀರ್ಮಾನಿಸುವುದು ಟೆಂಡರಿನ ವಿವರಣೆ. ಅದರಲ್ಲಿ ವಾಟ್ ಬರೆದರೆ ಅಗ್ಗದ ವಾಟ್ ಬರುತ್ತದೆ. ಅದರ ಬದಲು ಯಾವ ಎರಡು ಕುರ್ಚಿಗಳ ನಡುವೆಯೂ 6 ಡೆಸಿಬಲ್ಲಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು, ಮಾತಿನ ಸ್ಪಷ್ಟತೆಯನ್ನು 0ಯಿಂದ 1ರವರೆಗೆ ಅಳೆಯುವ ಎಸ್‌ಟಿಐ ಸೂಚ್ಯಂಕ ಎಲ್ಲೆಡೆ 0.6 ಮುಟ್ಟಬೇಕು ಎಂದು ಬರೆಯಬಹುದು. ಎರಡನ್ನೂ ಕೈಯಲ್ಲಿ ಹಿಡಿಯುವ ಮೀಟರಿನಲ್ಲೇ ಅಳೆಯಬಹುದು.

ಮೀಟರ್ ಸಿಗದ ಊರಿನಲ್ಲೂ ಪರೀಕ್ಷೆಗೆ ದಾರಿಯಿದೆ. ತುಂಬಿದ ಸಭೆಯಲ್ಲಿ ಒಬ್ಬರು ವೇದಿಕೆಯ ಮೈಕಿನಿಂದ ಒಂದಕ್ಕೊಂದು ಸಂಬಂಧವಿಲ್ಲದ ಐವತ್ತು ಕನ್ನಡ ಪದಗಳನ್ನು ಓದಲಿ. ಮುಂದೆ, ನಡುವೆ, ಕಡೆಯ ಮೂಲೆಗಳಲ್ಲಿ ಕೂತ ಹತ್ತಾರು ಮಂದಿ ಕೇಳಿಸಿದ್ದನ್ನು ಕೇಳಿಸಿದಂತೆ ಬರೆದುಕೊಳ್ಳಲಿ. ಅವರಲ್ಲಿ ವಯಸ್ಸಾದವರೂ ಇರಲಿ. ಹಿಂದಿನ ಸಾಲಿನ ಹಾಳೆಗಳು ಓದಿದ ಪಟ್ಟಿಗೆ ತಾಳೆಯಾಗುವವರೆಗೆ ಬಿಲ್ಲಿನ ಕೊನೆಯ ಕಂತು ಬಿಡುಗಡೆಯಾಗದು ಎಂಬ ಷರತ್ತು ಟೆಂಡರಿನಲ್ಲೇ ಇರಲಿ.